ನೀರಿನ ಟ್ಯೂಬಿನಲ್ಲಿ ಎದ್ದ ಗೆರೆ

ಪರದೆಯ ಮೇಲೆ ನಾನು ಮೊದಲು ನೋಡುವುದು ದನಗಳ ಸ್ಯಾಂಪಲ್‌ಗಳನ್ನಲ್ಲ, ಬರೀ ನೀರು ಹಾಕಿದ ಟ್ಯೂಬನ್ನು. ಪರೀಕ್ಷಾ ಯಂತ್ರದ ಪ್ರತಿ ರನ್ನಿನಲ್ಲೂ ಅಂಥದೊಂದು ಟ್ಯೂಬನ್ನು ಬೇಕೆಂದೇ ಇಡುತ್ತೇವೆ. ಅದರಲ್ಲಿ ರಕ್ತವಿಲ್ಲ, ಚರ್ಮದ ಚೂರಿಲ್ಲ, ವೈರಸ್ ಇರಲು ಕಾರಣವೇ ಇಲ್ಲ. ಹಾಗಾಗಿ ಅದರ ಗೆರೆ ಮೊದಲಿಂದ ಕೊನೆಯವರೆಗೆ ನೆಲಕ್ಕಂಟಿ ಮಲಗಿರಬೇಕು. ಅದು ಮಲಗಿದ್ದರೆ ಮಾತ್ರ ಮಿಕ್ಕ ಗೆರೆಗಳು ಹೇಳುವುದನ್ನು ನಂಬಬಹುದು. ಆ ಸೋಮವಾರ ಮಧ್ಯಾಹ್ನ ನೀರಿನ ಗೆರೆ ಮೂವತ್ತಾರನೆಯ ಸುತ್ತಿನಲ್ಲಿ ಎದ್ದು ನಿಂತಿತ್ತು.

ಹುಮನಾಬಾದಿನ ಹೊರಗಿರುವ ನಮ್ಮ ಪ್ರಯೋಗಾಲಯ ಸಣ್ಣದು. ಸುತ್ತಲ ಊರುಗಳ ಪಶುವೈದ್ಯರು ಕಳಿಸುವ ಸ್ಯಾಂಪಲ್‌ಗಳು ಥರ್ಮಾಕೋಲ್ ಡಬ್ಬಿಯಲ್ಲಿ, ಐಸಿನ ನಡುವೆ ಕೂತು, ಬಹುಪಾಲು ಬಸ್ಸಿನಲ್ಲೇ ಬರುತ್ತವೆ. ನಾನೂ ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲೇ ಬರುವವಳು. ಒಳಗೆ ಮೂರು ಕೋಣೆ. ಒಂದರಲ್ಲಿ ಪರೀಕ್ಷೆಯ ದ್ರಾವಣಗಳನ್ನಷ್ಟೇ ಬೆರೆಸುತ್ತೇವೆ, ಅದನ್ನು ಸಾಫ್ ಕೋಣೆ ಅನ್ನುತ್ತೇವೆ. ಇನ್ನೊಂದರಲ್ಲಿ ಸ್ಯಾಂಪಲ್‌ಗಳನ್ನು ತೆರೆಯುತ್ತೇವೆ. ಮೂರನೆಯದರಲ್ಲಿ ಯಂತ್ರವಿದೆ. ಹಿತ್ತಲಲ್ಲಿ ತೊಳೆಯುವ ಕಲ್ಲು, ಅದರ ಮೇಲೆ ಬೇವಿನ ನೆರಳು. ಕೆಲಸಕ್ಕೆ ನಾವು ಮೂವರು. ಮೇಲಧಿಕಾರಿಯನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಪರೀಕ್ಷೆಗಳನ್ನು ಮಾಡಿ, ಅವು ಸರಿ ಇವೆ ಎಂದು ಸಹಿ ಹಾಕುವವಳು ನಾನು. ಇನ್ನೊಬ್ಬರು ಬೇಮಳಖೇಡದಿಂದ ಬರುವ ಅಟೆಂಡರ್, ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಅವರನ್ನು ನಾನು ಕಾಕಾ ಎಂದೇ ಕರೆಯುತ್ತಿದ್ದೆ.

ಅದು ಚರ್ಮಗಂಟು ರೋಗದ ಕಾಲ. ಮಳೆ ನಿಂತು ನೊಣ, ಉಣ್ಣೆ, ಸೊಳ್ಳೆ ಹೆಚ್ಚಾದ ಮೇಲೆ ದನಗಳಿಗೆ ಜ್ವರ ಬಂದು ಮೈತುಂಬ ಗಂಟೇಳುವ ರೋಗ. ಯಂತ್ರವು ಆ ವೈರಸ್ಸಿನ ಒಂದು ತುಣುಕನ್ನು ಹುಡುಕಿ, ಸುತ್ತು ಸುತ್ತಿಗೂ ಇಮ್ಮಡಿಸುತ್ತಾ ಹೋಗುತ್ತದೆ. ವೈರಸ್ ತುಂಬಾ ಇದ್ದರೆ ಇಪ್ಪತ್ತು ಸುತ್ತಿಗೇ ಗೆರೆ ಏಳುತ್ತದೆ, ಕಡಿಮೆ ಇದ್ದರೆ ಮೂವತ್ತು ದಾಟುತ್ತದೆ. ಮೂವತ್ತೆಂಟರಾಚೆ ಎದ್ದದ್ದನ್ನು ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಆ ರನ್ನನ್ನು ರದ್ದು ಮಾಡಿ ಮತ್ತೆ ಹಾಕಿದೆ. ನೀರಿನ ಗೆರೆ ಮತ್ತೆ ಎದ್ದಿತು. ನೀರನ್ನು ಬದಲಿಸಿದೆ. ಎದ್ದಿತು. ಸಾಫ್ ಕೋಣೆಯ ದ್ರಾವಣಗಳನ್ನೆಲ್ಲ ಚೆಲ್ಲಿ ಫ್ರೀಜರಿನಿಂದ ಹೊಸ ಪೊಟ್ಟಣ ಒಡೆದೆ. ಸಂಜೆಯ ರನ್ನಿನಲ್ಲಿ ಗೆರೆ ಮಲಗಿತು. ಹಳೆಯ ದ್ರಾವಣವೇ ಕೆಟ್ಟಿತ್ತು, ಪೀಡೆ ತೊಲಗಿತು ಎಂದುಕೊಂಡು ಬಸ್ ಹತ್ತಿದೆ. ಮಂಗಳವಾರ ಬೆಳಿಗ್ಗೆ ಅದೇ ಹೊಸ ಪೊಟ್ಟಣದ ನೀರಿನ ಗೆರೆ ಮೂವತ್ತೈದಕ್ಕೇ ತಲೆಯೆತ್ತಿತು. ಅಂದರೆ ಕೆಟ್ಟದ್ದು ಪೊಟ್ಟಣದ ಒಳಗಿರಲಿಲ್ಲ. ನಮ್ಮ ಕೋಣೆಯಲ್ಲೇ ಎಲ್ಲೋ ಇತ್ತು, ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು.

ಆಮೇಲೆ ನಾನು ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಹಿಂದಿನ ದಿನಗಳ ರನ್‌ಗಳನ್ನೆಲ್ಲ ತೆರೆದು ನೀರಿನ ಗೆರೆಗಳನ್ನಷ್ಟೇ ನೋಡುತ್ತಾ ಹಿಂದಕ್ಕೆ ಹೋದೆ. ನಿನ್ನೆ ಮೂವತ್ತಾರು, ಶನಿವಾರ ಮೂವತ್ತೆಂಟೂವರೆ. ಅದಕ್ಕೂ ಹಿಂದೆ, ಎಂಟು ದಿನದ ಕೆಳಗೆ, ಮೂವತ್ತೊಂಬತ್ತರಲ್ಲಿ ಒಂದು ಸಣ್ಣ ಏರು, ನೆಲದಿಂದ ಕೂದಲೆಳೆ ಮೇಲೆ. ಅದರ ಕೆಳಗೆ 'ಸರಿ ಇದೆ' ಎಂಬ ಗುರುತು, ನನ್ನ ಸಹಿ. ನಿಯಮದ ಪ್ರಕಾರ ಮೂವತ್ತೆಂಟರಾಚೆಯದು ಲೆಕ್ಕಕ್ಕಿಲ್ಲ, ಹಾಗಾಗಿ ನಾನು ತಪ್ಪೇನೂ ಮಾಡಿರಲಿಲ್ಲ. ಆದರೆ ನೀರಿನಲ್ಲಿ ಏನೂ ಇರಬಾರದು ಎಂಬುದಕ್ಕೆ ನಿಯಮ ಓದುವ ಅಗತ್ಯವಿರಲಿಲ್ಲ. ನೋಡಿದ್ದೆ, ನೋಡಿಯೂ ಮುಂದೆ ಹೋಗಿದ್ದೆ.

ಆ ಎಂಟು ದಿನಗಳಲ್ಲಿ ಕಳಿಸಿದ ರಿಪೋರ್ಟುಗಳಲ್ಲಿ ಇಪ್ಪತ್ತರ ಆಸುಪಾಸು ಎದ್ದ ಗೆರೆಗಳ ಬಗ್ಗೆ ನನಗೆ ಅನುಮಾನವಿರಲಿಲ್ಲ. ಅಷ್ಟು ಗಟ್ಟಿಯಾಗಿ ಏಳುವಷ್ಟು ಕೊಳೆ ನೀರಿನ ಟ್ಯೂಬಿನಲ್ಲಿ ಇರಲಿಲ್ಲ, ಆ ದನಗಳ ಮೈಮೇಲೆ ಗಂಟುಗಳೂ ಕಂಡಿದ್ದವು. ಮೂವತ್ತು ದಾಟಿ ಪಾಸಿಟಿವ್ ಎನಿಸಿದವು ಐದು. ಅವುಗಳಲ್ಲಿ ಒಂದು ನಿರ್ಣಾ ಊರಿನ ಎತ್ತು, ಇನ್ನೊಂದು ಕೊಹಿನೂರ ಊರಿನ ದೇವಣಿ ತಳಿಯ ಆಕಳು.

ಕೊಹಿನೂರದ ಆಕಳ ಸುದ್ದಿ ನನಗೆ ಗೊತ್ತಿತ್ತು. ಆ ಮನೆಯ ಹೆಣ್ಣುಮಗಳು ದಿನಾ ನಮ್ಮ ಕಚೇರಿಗೆ ಫೋನ್ ಮಾಡುತ್ತಿದ್ದರು. ಆಕಳು ಈದು ಆರು ದಿನಕ್ಕೆ ಜ್ವರ ಬಂದಿತ್ತು, ಕುತ್ತಿಗೆಯ ಮೇಲೆ ಎರಡು ಬಾವು ಎದ್ದಿದ್ದವು. ಅಲ್ಲಿನ ಪಶುವೈದ್ಯರು ಸ್ಯಾಂಪಲ್ ಕಳಿಸಿದ್ದರು, ನಾನು ಪಾಸಿಟಿವ್ ಎಂದು ಕಳಿಸಿದ್ದೆ. ಅಂದಿನಿಂದ ಕರುವನ್ನು ತಾಯಿಯಿಂದ ದೂರ ಕಟ್ಟಿದ್ದರು. ಫೋನ್ ಎತ್ತುತ್ತಿದ್ದವರು ಕಾಕಾ. ತಲೆತಲಾಂತರದಿಂದ ದನ ಕಾಯ್ದ ಮನೆತನದವರು, ಕರುವಿನ ವಿಷಯ ಅವರಿಗೆ ಗೊತ್ತಿದ್ದಷ್ಟು ನನಗೆ ಗೊತ್ತಿಲ್ಲ. ಅಂಗಳದ ಟೇಬಲ್ಲಿಗೆ ಆತು ನಿಂತು ಅವರು ಹೇಳುತ್ತಿದ್ದದ್ದು ಒಳಗೆ ನನಗೆ ಕೇಳುತ್ತಿತ್ತು.

"ಫಿಕರ್ ಮಾಡಬ್ಯಾಡ ತಂಗಿ. ಹಾಲ ಕಾಸಿ, ಬೆಚ್ಚಗ ಇರೂದ್ರಾಗ ಬಾಟ್ಲಿಲೆ ಕೊಡು. ಒಮ್ಮೇಲೆ ಹೊಟ್ಟಿ ತುಂಬಸಬ್ಯಾಡ. ದಿನಕ್ಕ ನಾಕೈದು ಸಲ, ಜರಾ ಜರಾ. ಮಲಗೋ ಜಾಗಾ ಒಣಗಿರ್ಲಿ."

ಸಾಹೇಬರಿಗೆ ವಿಷಯ ಮುಟ್ಟಿಸಿ, ಆ ಮಂಗಳವಾರವೇ ಹೊಸ ಸ್ಯಾಂಪಲ್‌ಗಳ ಪರೀಕ್ಷೆ ನಿಲ್ಲಿಸಿದೆ. ಬಂದ ಡಬ್ಬಿಗಳನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸುವ ವ್ಯವಸ್ಥೆಯಾಯಿತು. ನಂತರ ಕೊಳೆಯ ಮೂಲ ಹುಡುಕಲು ಕೂತೆ. ಅದಕ್ಕೊಂದು ರೀತಿ ಇದೆ. ಒದ್ದೆ ಹತ್ತಿಕಡ್ಡಿಯಿಂದ ಒಂದೊಂದೇ ಜಾಗವನ್ನು ಒರೆಸಿ, ಆ ಕಡ್ಡಿಯನ್ನೇ ದನದ ಸ್ಯಾಂಪಲ್ಲಿನಂತೆ ಪರೀಕ್ಷೆಗೆ ಹಾಕುವುದು. ಹನಿ ಅಳೆದು ಹಾಕುವ ಪಿಪೆಟ್‌ಗಳು, ಟೇಬಲ್ಲಿನ ಅಂಚು, ಫ್ರಿಜ್ಜಿನ ಹಿಡಿ, ನನ್ನ ಕೋಟಿನ ತೋಳು, ಬಾಗಿಲ ಹಿಡಿಗಳು, ಐಸ್ ಬಕೆಟ್ಟು. ಕೊನೆಗೆ ಕಡ್ಡಿಗಳು ಉಳಿದವೆಂದು ಹಿತ್ತಲಿಗೆ ಹೋಗಿ ತೊಳೆಯುವ ಕಲ್ಲನ್ನೂ ಒರೆಸಿ ತಂದೆ.

ಬುಧವಾರ ಮಧ್ಯಾಹ್ನ ಫಲಿತಾಂಶ ಬಂತು. ಪಿಪೆಟ್‌ಗಳಲ್ಲಿ ಅಲ್ಪಸ್ವಲ್ಪ. ಸಾಫ್ ಕೋಣೆಯ ಬಾಗಿಲ ಹಿಡಿ ಇಪ್ಪತ್ತೊಂಬತ್ತು. ಐಸ್ ಬಕೆಟ್ಟಿನ ಹಿಡಿಯೂ ಅಷ್ಟೇ. ತೊಳೆಯುವ ಕಲ್ಲು ಹದಿನೇಳು.

ಹದಿನೇಳು! ಮೈತುಂಬ ಗಂಟೆದ್ದ ದನದ ಚರ್ಮದ ಚೂರಿನಲ್ಲೂ ಅಷ್ಟು ಗಟ್ಟಿ ಗೆರೆಯನ್ನು ನಾನು ಕಂಡಿರಲಿಲ್ಲ. ವೈರಸ್ಸಿನ ತುಣುಕು ಅಷ್ಟಿರುವುದು ಒಂದೇ ಕಡೆ, ಯಂತ್ರದಿಂದ ಹೊರಬಂದ ಟ್ಯೂಬುಗಳ ಒಳಗೆ. ರನ್ ಮುಗಿಯುವ ಹೊತ್ತಿಗೆ ಇಮ್ಮಡಿಸಿ ಇಮ್ಮಡಿಸಿ ಆ ಹನಿಯಲ್ಲಿ ಕೋಟಿ ಕೋಟಿ ತುಣುಕುಗಳಾಗಿರುತ್ತವೆ. ಅದಕ್ಕೆ ಜೀವವಿಲ್ಲ, ಯಾವ ದನಕ್ಕೂ ರೋಗ ತರಲಾರದು. ಆದರೆ ಯಂತ್ರ ಅದನ್ನೂ ವೈರಸ್ ಎಂದೇ ಓದುತ್ತದೆ. ಆದ್ದರಿಂದಲೇ ಆ ಟ್ಯೂಬುಗಳ ಮುಚ್ಚಳವನ್ನು ಯಾರೂ, ಎಂದೂ, ಯಾವ ಕಾರಣಕ್ಕೂ ತೆರೆಯಬಾರದು. ಹಾಗೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಸುಡಲು ಕಳಿಸಬೇಕು.

ಗಡಿಯಾರ ಎರಡೂವರೆ ತೋರಿಸುತ್ತಿತ್ತು, ಕಾಕಾ ಹಿತ್ತಲಲ್ಲಿ ತೊಳೆಯುವ ಹೊತ್ತು. ನಾನು ಎದ್ದು ಹಿತ್ತಲ ಬಾಗಿಲಿಗೆ ಹೋದೆ.

ಕಾಕಾ ಬೇವಿನ ನೆರಳಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದರು. ಕನ್ನಡಕದ ಒಂದು ಕಿವಿಗೆ ದಾರ ಕಟ್ಟಿತ್ತು. ಕಲ್ಲಿನ ಮೇಲೆ ಒಂದು ಕಡೆ ಹಿಂದಿನ ದಿನಗಳ ಟ್ಯೂಬುಗಳ ತಟ್ಟೆ, ಇನ್ನೊಂದು ಕಡೆ ಬ್ಲೀಚಿಂಗ್ ನೀರಿನ ಬೋಗುಣಿ. ಗೋಣಿ ಹೊಲಿಯುವ ದಬ್ಬಣದ ತುದಿಯಿಂದ ಅಕ್ಕಿಕಾಳಿಗಿಂತ ತುಸು ದೊಡ್ಡದಿರುವ ಆ ಮುಚ್ಚಳವನ್ನು ಎಬ್ಬಿಸುತ್ತಿದ್ದರು. 'ಟಕ್' ಎಂದು ಸದ್ದಾಗುತ್ತಿತ್ತು. ತೆರೆದ ಟ್ಯೂಬನ್ನು ಬೆರಳ ತುದಿಯಲ್ಲಿ ಹಿಡಿದು ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಬರುವವರೆಗೆ ಕಾಯುತ್ತಿದ್ದರು. ಒಳಗೆ ನೀರು ಹೋಯಿತೆಂದು ಖಾತ್ರಿಯಾದ ಮೇಲೆ ಮುಂದಿನದು. ಒಂದನ್ನೂ ಬಿಡುತ್ತಿರಲಿಲ್ಲ. ನಾನು ನಿಂತು ನೋಡಿದೆ. ಇಷ್ಟು ಶ್ರದ್ಧೆಯಿಂದ ನಮ್ಮ ಪ್ರಯೋಗಾಲಯದಲ್ಲಿ ಇನ್ನಾರೂ ಕೆಲಸ ಮಾಡಿದ್ದು ನನಗೆ ನೆನಪಿಲ್ಲ.

"ಏನ್ ಮಾಡಾಕತ್ತೀರಿ ಕಾಕಾ?"

"ಟ್ಯೂಬ್ ಸಾಫ್ ಮಾಡಾಕತ್ತೀನ್ರಿ ಮೇಡಂ. ನೀವ ಹೇಳಿದ್ರೆಲ್ರಿ, ಹೊರಗ ಅಷ್ಟ ತೊಳದ್ರ ಆಗಂಗಿಲ್ಲ, ಒಳಗೂ ಬ್ಲೀಚಿಂಗ್ ಹೋಗಬೇಕು ಅಂತ. ಇವು ಭಾಳ ಸಣ್ಣ ಅದಾವ್ರಿ. ಮೊದಲ ಉಗುರಲೆ ತೆಗೀತಿದ್ದೆ, ಈಗ ದಬ್ಬಣ ತಂದೀನಿ."

ಹೌದು, ನಾನೇ ಹೇಳಿದ್ದೆ. ಮೊದಲು ಈ ಕೆಲಸ ಮಾಡುತ್ತಿದ್ದವರಿಗೆ ವರ್ಗವಾಗಿ, ಮೂರು ವಾರಗಳ ಹಿಂದೆ ತೊಳೆಯುವ ಕೆಲಸ ಕಾಕಾರ ಪಾಲಿಗೆ ಬಂದಿತ್ತು. ರಕ್ತದ ಬಾಟಲಿಗಳನ್ನು ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು, ಒಳಗೂ ಬ್ಲೀಚಿಂಗ್ ಹೋಗಲಿ ಎಂದು ತೋರಿಸಿಕೊಟ್ಟಿದ್ದೆ. ಯಂತ್ರದ ಟ್ಯೂಬುಗಳ ಮಾತು ಬರುವಷ್ಟರಲ್ಲಿ ಯಾರೋ ಕರೆದಿದ್ದರು, ನಾನು ಎದ್ದು ಹೋಗಿದ್ದೆ. ಮಿಕ್ಕದ್ದೆಲ್ಲ ಗೋಡೆಯ ಮೇಲಿನ ಹಾಳೆಯಲ್ಲಿದೆಯಲ್ಲ ಎಂಬ ಧೈರ್ಯ. ಆ ಹಾಳೆ ಇಂಗ್ಲಿಷಿನಲ್ಲಿತ್ತು. ಅದರ ಕೆಳಗೆ 'ಓದಿ ತಿಳಿದುಕೊಂಡಿದ್ದೇನೆ' ಎನ್ನುವ ಜಾಗದಲ್ಲಿ ಕಾಕಾ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ್ದರು. ಆ ಸಹಿಯನ್ನು ಹಾಕಿಸಿಕೊಂಡವಳೂ ನಾನೇ.

ಮುಂದಿನದು ಕಣ್ಣೆದುರೇ ಇತ್ತು. ಟ್ಯೂಬಿನಿಂದ ಸಿಡಿದ ಹನಿ ಕೈಗೆ, ಕೈಯಿಂದ ಹೆಗಲ ಟವೆಲಿಗೆ. ಮರುದಿನ ಬೆಳಿಗ್ಗೆ ಅದೇ ಟವೆಲಿನಲ್ಲಿ ಕೈ ಒರೆಸಿಕೊಂಡು ಐಸ್ ಬಕೆಟ್ ಎತ್ತಿ, ನನಗೆ ಓಡಾಟ ತಪ್ಪಲೆಂದು ಸಾಫ್ ಕೋಣೆಯ ಬಾಗಿಲು ತೆರೆದು ಒಳಗೆ ತಂದಿಡುತ್ತಿದ್ದರು.

ನಾನು ಕಲ್ಲಿನ ಅಂಚಿಗೆ ಅವರ ಪಕ್ಕ ಕೂತೆ. ಸುತ್ತುಬಳಸದೆ ಹೇಳಿದೆ. "ಕಾಕಾ, ಮಶೀನದಿಂದ ಬಂದ ಟ್ಯೂಬ್ ಬಾಯಿ ತೆರೀಬಾರ್ದಿತ್ತು. ನಾ ನಿಮಗ ಹೇಳಿಲ್ಲ."

ಯಾಕೆಂದು ವಿವರಿಸಿದೆ. ಅವರು ದಬ್ಬಣವನ್ನು ಕಲ್ಲಿನ ಮೇಲಿಟ್ಟು, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟು ನೋಡುತ್ತಾ ಕೇಳಿದರು. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳು ಸುಲಿದು ಬೆಳ್ಳಗಾಗಿದ್ದವು. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾದ್ರ ಕೊಹಿನೂರದ ಆಕಳಿಗೆ ರೋಗ ಹಚ್ಚಿದಾಂವ ನಾನ ಏನ್ರಿ?"

"ಆಕಳಿಗೆ ಅಲ್ಲ ಕಾಕಾ. ಬರೇ ರಿಪೋರ್ಟಿಗೆ. ಅದೂ ನಿಮ್ಮ ಕೈಲೆ ಅಲ್ಲ, ನನ್ನ ಸಹೀಲೆ."

"ಕರಕ್ಕ ನಿನ್ನಿಗೆ ಹನ್ನೊಂದ ದಿನ ತುಂಬ್ಯಾವಂತ್ರಿ" ಎಂದರು.

ಸಾಹೇಬರು ಒಳ್ಳೆಯವರು. ನನ್ನ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಒಂದು ಉಪಾಯವನ್ನೂ ಹೇಳಿದರು.

"ನೋಡ್ರಿ, ಪಾಸಿಟಿವ್ ಅಂತ ಹೇಳಿ ದನ ದೂರ ಕಟ್ಟಿಸೀವಿ. ಅದರಿಂದ ಯಾರ ಜೀವಾನೂ ಹೋಗಿಲ್ಲ. ಇನ್ನೊಂದು ಹತ್ತು ದಿನ ಬಿಟ್ಟು ಮತ್ತ ಸ್ಯಾಂಪಲ್ ತರಸೂಣು. ನೆಗೆಟಿವ್ ಬರ್ತದ. ಗುಣ ಆಗ್ಯದ ಅಂತ ಬರದ್ರ ಮುಗೀತು. ಮಂದಿ ನಮ್ಮ ರಿಪೋರ್ಟ್ ಮ್ಯಾಲ ವಿಶ್ವಾಸ ಇಟ್ಟಾರ. ಅದು ಒಮ್ಮೆ ಹೋತಂದ್ರ ನಾಳೆ ಖರೇ ಪಾಸಿಟಿವ್ ಬಂದಾಗೂ ಯಾರೂ ಕೇಳಂಗಿಲ್ಲ."

ಅವರ ಮಾತಿನಲ್ಲಿ ಹುರುಳಿತ್ತು. ಒಪ್ಪಿಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಮಂಗಳವಾರ ಸಂಜೆ ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಇದೇ ಉಪಾಯ ನನಗೂ ಹೊಳೆದಿತ್ತು. ಹೊಳೆದಾಗ ಸಮಾಧಾನವೂ ಆಗಿತ್ತು. ಆದರೆ ಈಗ ಆ ಕರು ನನಗೆ ಬರೀ ಒಂದು ನಂಬರಾಗಿ ಉಳಿದಿರಲಿಲ್ಲ. ಅದರ ದಿನ ಎಣಿಸುತ್ತಿದ್ದ ಮನುಷ್ಯ ಹಿತ್ತಲಲ್ಲಿ ಕೂತಿದ್ದರು.

"ಹತ್ತು ದಿನ ಆ ಕರ ಹಂಗ ಇರಬೇಕಾಗ್ತದ್ರಿ ಸರ್" ಎಂದೆ. "ಮತ್ತ, ಐದರಾಗ ಒಂದು ಖರೇ ಇದ್ರ? ಅದು ನಮಗ ತಿಳಿಯೂದ ಇಲ್ಲ. ರಿಪೋರ್ಟ್ ಹಿಂದಕ್ಕ ತಗೋತೀನ್ರಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಕಾರಣ ಏನಂತ ಬರೀತೀರಿ? ಅಟೆಂಡರ್ ಮ್ಯಾಲ ಬರದ್ರ ಮುದುಕನ ಪೆನ್ಶನ್ನಿಗೆ ಅಡ್ಡ ಬರ್ತದ."

ನಾನು ಬರೆದು ತಂದಿದ್ದ ಹಾಳೆಯನ್ನು ಅವರ ಮುಂದಿಟ್ಟೆ. 'ಬಳಸಿದ ಟ್ಯೂಬುಗಳ ಬಗ್ಗೆ ನಾನು ಕೊಟ್ಟ ಸೂಚನೆ ಅರ್ಧವಾಗಿತ್ತು. ಬರೆದ ಸೂಚನೆಯು ಕೆಲಸ ಮಾಡುವವರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಮೊದಲ ಎಚ್ಚರಿಕೆ ಕಂಡ ದಿನ ನಾನು ಅದನ್ನು ಸರಿ ಎಂದು ಗುರುತಿಸಿದೆ.'

"ನಿಮ್ಮ ಹೆಸರಿಗೆ ಬರ್ತದಲ್ರಿ."

"ಬರ್ಲಿ ಸರ್."

ಅವರು ಓದಿ, ಕೊನೆಯಲ್ಲಿ 'ನನ್ನ ಗಮನಕ್ಕೆ ಬಂದಿದೆ, ರಿಪೋರ್ಟುಗಳನ್ನು ಹಿಂಪಡೆಯಲು ಒಪ್ಪಿದ್ದೇನೆ' ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು. ಅವರು ಹಾಗೆ ಮಾಡಬೇಕೆಂದಿರಲಿಲ್ಲ. ಅಂದಿನ ಸಂಜೆಯೇ ಐದು ಊರುಗಳ ಪಶುವೈದ್ಯರಿಗೆ ಫೋನ್ ಮಾಡಿದೆ. ರಿಪೋರ್ಟ್ ನಂಬಬೇಡಿ, ದನ ಬಿಡಲೂ ಬೇಡಿ, ಮತ್ತೆ ಪರೀಕ್ಷೆ ಮಾಡುತ್ತೇವೆ.

ಗುರುವಾರ ಪ್ರಯೋಗಾಲಯವನ್ನು ಬುಡಮೇಲು ಮಾಡಿ ತೊಳೆದೆವು. ಗೋಡೆ, ನೆಲ, ಟೇಬಲ್ಲಿನ ಅಡಿ, ಬಾಗಿಲ ಸಂದು. ಪಿಪೆಟ್‌ಗಳನ್ನು ಬಿಚ್ಚಿ ಒಂದೊಂದು ಭಾಗವನ್ನೂ ಬ್ಲೀಚಿಂಗಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಜಾಲಿಸಿ ಒಣಗಿಸಿದೆವು. ತೆರೆದಿದ್ದ ದ್ರಾವಣಗಳೆಲ್ಲ ಹೊರಗೆ ಹೋದವು. ಹಳೆಯ ಕೋಟುಗಳನ್ನು, ಕಾಕಾರ ಟವೆಲನ್ನೂ ಸೇರಿಸಿ, ಸುಡಲು ಕೊಟ್ಟೆವು. ಸಾಫ್ ಕೋಣೆಗೆ ಬೇರೆ ಚಪ್ಪಲಿ, ಬೇರೆ ಕೋಟು, ಬೇರೆ ಐಸ್ ಬಕೆಟ್ ಬಂತು. ಕಾಕಾ ಬೆಳಗಿನಿಂದ ಸಂಜೆಯವರೆಗೆ ಬಗ್ಗಿದ ಬೆನ್ನನ್ನು ಎತ್ತಲಿಲ್ಲ. ಊಟಕ್ಕೆ ಕರೆದರೆ "ಆಮ್ಯಾಲ ಬರ್ತೀನ್ರಿ" ಎಂದರು. ಕೊನೆಗೆ ನನ್ನ ಬುತ್ತಿಯನ್ನು ಹಿತ್ತಲಿಗೇ ಒಯ್ದು, ರೊಟ್ಟಿ ಪಲ್ಯೆ ಅವರ ಕೈಗಿಟ್ಟು, "ನೀವು ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ" ಎಂದಾಗ ಕೂತರು.

ಉಂಡ ಮೇಲೆ ಗೋಡೆಯ ಹಾಳೆಯನ್ನು ಕಿತ್ತು ಕನ್ನಡದಲ್ಲಿ ಬರೆಯತೊಡಗಿದೆ. ಒಂದೊಂದು ಸಾಲನ್ನೂ ಕಾಕಾರಿಗೆ ಓದಿ ಹೇಳುತ್ತಿದ್ದೆ. 'ಬಳಸಿದ ಟ್ಯೂಬುಗಳ ವಿಲೇವಾರಿ' ಎಂದು ಓದಿದಾಗ ತಡೆದರು.

"ವಿಲೇವಾರಿ ಅಂದ್ರೇನ್ರಿ?"

"ಒಗಿಯೂದು ಕಾಕಾ."

"ಹಂಗಾದ್ರ ಒಗಿಯೂದು ಅಂತನ ಬರೀರೆಲ್ಲ. 'ಮಶೀನದಿಂದ ಬಂದ ಟ್ಯೂಬಿನ ಬಾಯಿ ತೆರೀಬ್ಯಾಡ್ರಿ. ಹಂಗ ಚೀಲದಾಗ ಹಾಕಿ ಕಟ್ರಿ.' ಇಷ್ಟ ಸಾಕು. ಮತ್ತ ಯಾಕ ತೆರೀಬಾರ್ದು ಅನ್ನೂದೂ ಬರೀರಿ. ಯಾಕ ಅಂತ ತಿಳಿದ್ರ ಮನಷ್ಯಾ ಮರೆಯಂಗಿಲ್ಲ."

ನಮ್ಮ ಗೋಡೆಯ ಮೇಲೆ ಈಗಲೂ ಇರುವುದು ಅವರು ಹೇಳಿದ ಸಾಲುಗಳು.

ಶುಕ್ರವಾರ ಹೊಸ ಸ್ಯಾಂಪಲ್ ತರಲು ಕೊಹಿನೂರಕ್ಕೆ ಹೊರಟೆ. ಮಿಕ್ಕ ಊರುಗಳಿಂದ ಪಶುವೈದ್ಯರೇ ಕಳಿಸುವವರಿದ್ದರು. ಕೊಹಿನೂರಕ್ಕೆ ಮಾತ್ರ ನಾನೇ ಹೋಗಬೇಕೆನಿಸಿತ್ತು. ಜೀಪು ಹತ್ತುವಾಗ ಕಾಕಾ ಗೇಟಿನ ಬಳಿ ತಲೆಗೆ ರುಮಾಲು ಸುತ್ತಿ ತಯಾರಾಗಿ ನಿಂತಿದ್ದರು. "ದನಾ ಹಿಡಿಯಾಕ ಒಬ್ರು ಬೇಕಲ್ರಿ" ಎಂದರು.

ದಾರಿಯುದ್ದಕ್ಕೂ ತೊಗರಿ ಹೊಲ. ಊರು ಮುಟ್ಟುವಾಗ ಅಲ್ಲಿನ ಪಶುವೈದ್ಯರು ಜೊತೆಗೂಡಿದರು. ಮನೆಯ ಮುಂದಿನ ಅಂಗಳದಲ್ಲಿ ಕರು, ಹಿಂದಿನ ಕೊಟ್ಟಿಗೆಯಲ್ಲಿ ಆಕಳು. ನಡುವೆ ಇಡೀ ಮನೆ. ಕರು ಅಂಬಾ ಎಂದಾಗೊಮ್ಮೆ ಹಿಂದಿನಿಂದ ತಾಯಿ ಓಗೊಡುತ್ತಿತ್ತು. ಹೆಣ್ಣುಮಗಳಿಗೆ ನಲವತ್ತರ ಆಸುಪಾಸು ವಯಸ್ಸು. ನಮಗೆ ನೀರು ಕೊಟ್ಟು ಕೂರಿಸಿದರು. ನಾನು ತಪ್ಪಾದದ್ದನ್ನು ಹೇಳಿದೆ.

"ಹಂಗಾದ್ರ ರೋಗ ಇಲ್ಲೇನ್ರಿ?"

"ಇಲ್ಲ ಅಂತ ಇವತ್ತ ಹೇಳಾಕ ಬರಂಗಿಲ್ಲ ಅಕ್ಕಾರ. ಅದ ಅಂತ ಹೇಳಿದ್ದು ತಪ್ಪಿರಬಹುದು. ಮತ್ತ ನೋಡಬೇಕು."

ಅವರ ಮುಖ ಕೆಂಪಗಾಯಿತು. "ಈಕಿ ಹಾಲು ದಿನಾ ಹಿಂಡಿ ತಿಪ್ಪಿಗೆ ಸುರುವಾಕತ್ತೀನ್ರಿ. ಕಾಸಿ ಕುಡೀಬಹುದು ಅಂತ ಡಾಕ್ಟರ್ ಹೇಳಿದ್ರು, ಮನ್ಯಾಗ ಯಾರೂ ಒಪ್ಪಲಿಲ್ಲ, ಕರಕ್ಕ ಸೈತ ಹೊರಗಿನ ಹಾಲು ತರಾಕತ್ತೀನಿ. ಬಾಜೂ ಮನಿಯವ್ರು ನಮ್ಮ ಅಂಗಳಕ್ಕ ಕಾಲಿಡೂದ ಬಿಟ್ಟಾರ. ನೀವು ಅಲ್ಲಿ ಕುಂತು ಒಂದು ಮಾತು ಬರದ್ರಿ. ಇಲ್ಲಿ ಈ ಎರಡು ಮೂಕ ಜೀವ ಹಗಲೆಲ್ಲ ಒದರಾಕತ್ತಾವ. ಅದನ್ನ ಕೇಳಾಂವರು ಯಾರ್ರಿ?"

ಹೊಸ್ತಿಲ ಹೊರಗೆ ನಿಂತಿದ್ದ ಕಾಕಾ ಒಳಗೆ ಬಂದು ಕೈಮುಗಿದರು. "ತಂಗಿ, ಗಲತಿ ನಂದ ಅದ. ಮೇಡಂ ತಮ್ಮ ಮ್ಯಾಲ ಹಾಕ್ಕೋತಾರ. ಟ್ಯೂಬ್ ತೆರದ ಕೈ ಇವು."

ಅವರು ಕಾಕಾರ ಮುಖವನ್ನೇ ದಿಟ್ಟಿಸಿದರು. "ಫೋನಿನ್ಯಾಗ ಮಾತಾಡೋ ಅಣ್ಣಾ ನೀವ ಏನ್ರಿ?"

"ಹೌದವಾ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಹೋಗಿ ಬೆಲ್ಲ ತಂದು ನಮ್ಮ ಮುಂದಿಟ್ಟರು. "ಮನೀತನಕ ಬಂದು ಹೇಳಿದ್ರಿ. ಅಷ್ಟರ ಮಾಡಿದ್ರಿ. ಈಗ ಕರ ಬಿಡ್ಲೇನಣ್ಣಾ?"

ಕಾಕಾ ನನ್ನತ್ತ ನೋಡಿದರು. 'ಬಿಡ್ರಿ' ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಜ್ವರ ಇಳಿದಿತ್ತು, ಕುತ್ತಿಗೆಯ ಬಾವುಗಳು ಉಣ್ಣೆ ಕಡಿದ ಗಾಯದಂತೆ ಒಣಗಿ ಹಕ್ಕಳೆಗಟ್ಟಿದ್ದವು. ಮನಸ್ಸು ರೋಗವಿಲ್ಲ ಎನ್ನುತ್ತಿತ್ತು. ಆದರೆ ಒಮ್ಮೆ ಅನುಮಾನವನ್ನು ನುಂಗಿ ಸಹಿ ಹಾಕಿದ್ದರ ಫಲ ಅಂಗಳದಲ್ಲಿ ಅಂಬಾ ಎನ್ನುತ್ತಿತ್ತು.

"ಇನ್ನೂ ಇಲ್ಲ ಅಕ್ಕಾರ" ಎಂದೆ. "ಸೋಮವಾರ ಹೇಳ್ತೀನಿ."

ಕ್ಷಮೆ ಕೇಳಲು ಹೋದ ಮನೆಯಲ್ಲಿ ಎರಡನೆಯ ಸಲ ಬೇಡವೆಂದು ಹೇಳಿ ಬಂದೆ. ಇಡೀ ವಾರದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಆ ಒಂದು ಮಾತು. ಪಶುವೈದ್ಯರು ಕುತ್ತಿಗೆಯ ನಾಳದಿಂದ ರಕ್ತ ತೆಗೆದು, ಮೂಗಿನಿಂದ ಹತ್ತಿಕಡ್ಡಿಯ ಸ್ವಾಬ್ ತೆಗೆಯುವಾಗ ಕಾಕಾ ಆಕಳ ಕತ್ತಿನಡಿಯ ಗಂಗೆದೊಗಲನ್ನು ನೀವುತ್ತಾ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅದು ಕಾಲು ಕೂಡ ಎತ್ತಲಿಲ್ಲ.

ಶನಿವಾರ ಒಂದೇ ಒಂದು ಸ್ಯಾಂಪಲ್ಲನ್ನೂ ಮುಟ್ಟಲಿಲ್ಲ. ಬರೀ ನೀರಿನ ಟ್ಯೂಬುಗಳನ್ನೇ ಹಾಕಿ ಮೂರು ರನ್ ಮಾಡಿದೆ. ಮೂರರಲ್ಲೂ ಎಲ್ಲ ಗೆರೆಗಳೂ ಮಲಗೇ ಇದ್ದವು. ಕಲ್ಲನ್ನೂ ಬಾಗಿಲ ಹಿಡಿಯನ್ನೂ ಮತ್ತೆ ಒರೆಸಿ ನೋಡಿದೆ, ಏನೂ ಇರಲಿಲ್ಲ. ಭಾನುವಾರ ಐದು ದನಗಳ ಹೊಸ ಸ್ಯಾಂಪಲ್‌ಗಳನ್ನೂ, ಫ್ರೀಜರಿನಲ್ಲಿಟ್ಟಿದ್ದ ಅವುಗಳ ಹಳೆಯ ಸ್ಯಾಂಪಲ್‌ಗಳನ್ನೂ ಮೊದಲಿಂದ ಸಂಸ್ಕರಿಸಿ ಹಾಕಿದೆ. ಹಳೆಯವುಗಳ ಒಂದೊಂದು ಪಾಲನ್ನು ಗುರುವಾರವೇ ಆ ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸಿದ್ದೆ, ನಮ್ಮ ಉತ್ತರ ಏನೆಂದು ಅವರಿಗೆ ತಿಳಿಸದೆ. ಸೋಮವಾರ ಹನ್ನೊಂದಕ್ಕೆ ಅವರ ಉತ್ತರ ಬಂತು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದೆ. ಒಂದಕ್ಕೊಂದು ತಾಳೆಯಾದವು. ನಾಲ್ಕು ದನಗಳಲ್ಲಿ ವೈರಸ್ ಇರಲಿಲ್ಲ. ನಿರ್ಣಾದ ಎತ್ತಿನಲ್ಲಿ ಇತ್ತು. ಹಳೆಯ ಸ್ಯಾಂಪಲ್ಲಿನಲ್ಲೇ ಇತ್ತು, ಹೊಸದರಲ್ಲಿ ಗೆರೆ ಇನ್ನೂ ಬೇಗ ಎದ್ದಿತ್ತು.

ಮೊದಲು ನಿರ್ಣಾಕ್ಕೆ ಫೋನ್ ಮಾಡಿದೆ. ಎತ್ತಿನ ಯಜಮಾನರಿಗೆ ವಾರದ ನಡುವೆ ನಾವೇ ಒಂದು ಆಸೆ ಹುಟ್ಟಿಸಿದ್ದೆವು, ಈಗ ನಾವೇ ಅದನ್ನು ಕಸಿಯಬೇಕಾಗಿತ್ತು. ಅವರು ಸುಮ್ಮನೆ ಕೇಳಿ, "ಮೈಮ್ಯಾಲ ಗಂಟು ನಿನ್ನಿ ಎದ್ದಾವ್ರಿ. ದನಾ ಬಿಡಬ್ಯಾಡ್ರಿ ಅಂದಿದ್ರಿ, ಬಿಟ್ಟಿಲ್ಲ. ಬಾಜೂದ್ದು ನಾಕು ದನಾ ಅವ, ಅವು ಛಲೋ ಅವ" ಎಂದರು. ಆ ಎತ್ತು ಮುಂದೆ ಗುಣವಾಯಿತು, ಚರ್ಮದ ಮೇಲೆ ಕಲೆಗಳು ಉಳಿದವು. ಪಕ್ಕದ ಕೊಟ್ಟಿಗೆಗೆ ರೋಗ ದಾಟಲಿಲ್ಲ.

ಕೊಹಿನೂರದ ನಂಬರ್ ಒತ್ತಿ ಫೋನನ್ನು ಕಾಕಾರ ಕೈಗೆ ಕೊಟ್ಟೆ. ಅವರು ಬೇಡವೆಂದು ಕೈಯಾಡಿಸಿದರು. ನಾನು ಬಿಡಲಿಲ್ಲ. ಸ್ಪೀಕರ್ ಹಾಕಿ ಟೇಬಲ್ಲಿನ ಮೇಲಿಟ್ಟೆವು.

"ತಂಗಿ, ರೋಗ ಇಲ್ಲ. ಕರ ಬಿಡು."

ಆ ಕಡೆಯಿಂದ ಹೆಜ್ಜೆಯ ಸದ್ದು, ಹಗ್ಗ ಬಿಚ್ಚುವ ಸದ್ದು, ಯಾರೋ ಮುದುಕಿ ಒಳಗಿನಿಂದ ಏನೋ ಕೇಳಿದ್ದು. ಬಹಳ ಹೊತ್ತಿನ ಮೇಲೆ ಅವರ ದನಿ ಬಂತು, ಕುಗ್ಗಿದ ದನಿ.

"ಮೂಸಿ ನೋಡಿ ಮುಖಾ ತಿರಿವ್ಯಾಳ್ರಿ ಅಣ್ಣಾ. ತನ್ನ ಕರಾನ ಮರತಾಳೇನ್ರಿ?"

ಕಾಕಾ ಫೋನಿನ ಮೇಲೆ ಬಗ್ಗಿದರು. "ಮರೆಯಂಗಿಲ್ಲ. ಕರದ ಮ್ಯಾಲ ನಿಮ್ಮ ಕೈ ವಾಸನಿ ಅದ, ಅಷ್ಟ. ಉಪ್ಪಿನ ನೀರು ಮಾಡಿ ಅದರ ಬೆನ್ನಿಗೆ ಹಚ್ಚು. ಹಚ್ಚಿ ತಾಯಿ ಬಾಯಿ ಮುಂದ ನಿಲ್ಲಸು. ಗಡಬಡ ಮಾಡಬ್ಯಾಡ."

ಕಾದೆವು. ಸಾಹೇಬರು ತಮ್ಮ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತರು.

"ನೆಕ್ಕಾಕತ್ತಾಳ್ರಿ!"

"ಹಾಂ. ಕರ ಮಲಿಗೆ ಹೋಗಾಕತ್ತದೇನು?"

"ಇಲ್ರಿ. ಬಾಟ್ಲಿ ರೂಢಿ ಆಗ್ಯದ. ನನ್ನ ಕಡೀನ ಬರಾಕತ್ತದ."

"ನಿನ್ನ ಬೆರಳ ಬಾಯಾಗ ಕೊಡು. ಚೀಪ್ತದ. ಹಂಗ ಚೀಪಿಸಿಕೋತ ಮಲಿ ತನಕ ಕರಕೊಂಡು ಹೋಗು. ಮಲಿ ಬಾಯಾಗ ಸಿಕ್ಕ ಮ್ಯಾಲ ಸಾವಕಾಶ ಬೆರಳ ತಕ್ಕೋ."

ಕಾಕಾ ಕಣ್ಣು ಮುಚ್ಚಿದ್ದರು. ಟೇಬಲ್ಲಿನ ಮೇಲಿದ್ದ ಅವರ ತೋರುಬೆರಳು ತಾನಾಗಿ ಅಲುಗುತ್ತಿತ್ತು.

"ಹಿಡೀತ್ರಿ ಅಣ್ಣಾ."

"ಬಾಲಾ ನೋಡು. ಅಲ್ಲಾಡಸಾಕತ್ತದೇನು?"

"ಹೌದ್ರಿ. ಜೋರ ಅಲ್ಲಾಡಸಾಕತ್ತದ."

"ಹಂಗಾದ್ರ ಹಾಲು ಇಳೀತು." ಕಾಕಾ ಕುರ್ಚಿಗೆ ಒರಗಿದರು. "ಫೋನ್ ಇಡಬ್ಯಾಡ ತಂಗಿ. ಜರಾ ಹಂಗ ಅಲ್ಲೆ ಹಿಡಿ."

ಅವರು ಹಿಡಿದಿರಬೇಕು. ಕರು ಹಾಲು ಚೀಪುವ ಸದ್ದು ನಮ್ಮ ಟೇಬಲ್ಲಿನ ಮೇಲೆ ಕೇಳತೊಡಗಿತು. ಕಾಕಾ ಕೇಳುತ್ತಾ ಕೂತರು. ನಾನೂ ಕೂತೆ.